ಗಾಡಿ ದೌಂಡ ದಾಟ್ಯದ

ಹಡಪಸರ, ಪುಣೆ
5 ನವೆಂಬರ್ 2024

ತಂಗಿ ಚಂದಮ್ಮನಿಗೆ ಕರ್ತನ ಹೆಸರಿನಲ್ಲಿ ಅಕ್ಕ ಮರೆಮ್ಮನ ವಂದನೆಗಳು.

ಫೋನಾದರೆ ನನ್ನ ದನಿ ಕೇಳಿದ ಕೂಡಲೇ ನೀನು ಕಟ್ ಮಾಡುತ್ತಿದ್ದೆ. ಆಮೇಲೆ ನಂಬರನ್ನೇ ಬದಲಿಸಿದೆ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ, ಹರಿಯಬೇಕು. ಹರಿಯುವ ಮುಂಚೆ ಒಮ್ಮೆ ಓದಿಬಿಡು. ಮಿಷನ್ ಶಾಲೆಯಲ್ಲಿ ಇಬ್ಬರೂ ಒಂದೇ ಪಾಟಿಯ ಮೇಲೆ ಅಕ್ಷರ ಕಲಿತವರು. ನನ್ನ ಕೈಬರಹ ಇನ್ನೂ ಹಾಗೇ ಇದೆ, ಕೋಳಿ ಕೆದರಿದ ಹಾಗೆ.

ಎರಡನೇ ತಾರೀಖು, ಸತ್ತವರನ್ನು ನೆನೆಯುವ ದಿನ, ಸಭೆಯವರೆಲ್ಲ ಸಮಾಧಿ ಜಾಗಕ್ಕೆ ಹೋಗಿದ್ದೆವು. ಪುನೀತನ ಗೋರಿಯ ಮೇಲಿನ ಹುಲ್ಲು ಕಿತ್ತು, ಶಿಲುಬೆಗೆ ಸುಣ್ಣ ಬಳಿದು, ಚೆಂಡು ಹೂ ಇಟ್ಟು ಬಂದೆ. ಪ್ರತಿ ವರ್ಷ ಅಲ್ಲಿ ಎರಡು ಮೇಣದ ಬತ್ತಿ ಹಚ್ಚುತ್ತೇನೆ. ಒಂದು ನನ್ನದು, ಒಂದು ನಿನ್ನ ಹೆಸರಿನದು. ನಿನ್ನದು ಯಾವಾಗಲೂ ಸಿಡಿಮಿಡಿ ಎನ್ನುತ್ತಾ ಉರಿಯುತ್ತದೆ. ಮಗಳು ಶೀತಲ ಅದನ್ನು ಕಂಡು ಅಂದಳು, "ನೋಡವ್ವಾ, ಚಿಗವ್ವ ಬಂದಾಳ."

ಈಗ ಕೆಲಸದ ಮಾತು. ಇಲ್ಲಿ ಸಮಾಧಿ ಜಾಗ ತುಂಬಿಹೋಗಿದೆ. ಹೊಸದಾಗಿ ತೋಡಲು ಮೊಳ ನೆಲ ಉಳಿದಿಲ್ಲ. ಐದು ವರ್ಷ ದಾಟಿದ ಗೋರಿಯನ್ನು ತೆರೆದು, ಒಳಗಿನ ಎಲುಬನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಬದಿಗಿಟ್ಟು, ಅದರಲ್ಲೇ ಇನ್ನೊಬ್ಬರನ್ನು ಇಡುತ್ತಾರೆ. ಅದಕ್ಕೆ ಒಳಗಿದ್ದವರ ಹತ್ತಿರದ ರಕ್ತಸಂಬಂಧಿ ಸಹಿ ಮಾಡಬೇಕು. ಪುನೀತನ ಗೋರಿಗೆ ನಿನ್ನ ಸಹಿ ಬೇಕು. ಕಮಿಟಿಯ ಅರ್ಜಿ ಇದರೊಳಗೆ ಮಡಚಿಟ್ಟಿದ್ದೇನೆ. ಗುರುತು ಹಾಕಿದ ಕಡೆ ಸಹಿ ಮಾಡಿ ಕಳಿಸು. ಅವಸರವೇನಿಲ್ಲ. ಆದರೆ ಬಹಳ ತಡವೂ ಬೇಡ.

ನಾನು ಚೆನ್ನಾಗಿದ್ದೇನೆ.

ನಿನ್ನ ಅಕ್ಕ
ಮರೆಮ್ಮ


ಚಿತ್ತಾಪುರ
22 ನವೆಂಬರ್ 2024

ಮರೆಮ್ಮನಿಗೆ,

ಅಕ್ಕ ಎಂದು ಬರೆಯಲು ಹೋದೆ, ಕೈ ಏಳಲಿಲ್ಲ.

ಆರು ವರ್ಷದ ಮೇಲೆ ಬರೆದೆ, ಬರೆದು ಕೇಳಿದ್ದು ಇದನ್ನು. ನನ್ನ ಮಗನನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಬದಿಗೆ ಸರಿಸಬೇಕು, ಅವನ ಜಾಗದಲ್ಲಿ ಯಾರೋ ಮಲಗಬೇಕು. ಅರ್ಜಿಯಲ್ಲಿ "ಯಾರಿಗಾಗಿ" ಎಂಬ ಕಡೆ ಖಾಲಿ ಬಿಟ್ಟಿದ್ದೀ. ಯಾರವರು? ನಿಮ್ಮ ಸಭೆಯ ದೊಡ್ಡ ಮನುಷ್ಯರೇ? ಹತ್ತೊಂಬತ್ತು ವರ್ಷದ ಹುಡುಗನಿಗೆ ಭೂಮಿಯ ಮೇಲೆ ಜಾಗ ಸಿಗಲಿಲ್ಲ. ಕೆಳಗೂ ಬಿಡುವುದಿಲ್ಲವೇ?

ನಾನು ಮರೆತಿಲ್ಲ. ಆಸ್ಪತ್ರೆಯವರು ಕೇಳಿದ ರೇಷನ್ ಕಾರ್ಡು ತರಲು, ಅವನನ್ನು ನಿನ್ನ ಮನೆಯಲ್ಲಿ ಬಿಟ್ಟು ಊರಿಗೆ ಹೊರಟಾಗ ನಿನ್ನ ಎರಡೂ ಕೈ ಹಿಡಿದು ಹೇಳಿದ್ದೆ, "ಅಕ್ಕಾ, ಅವಗ ಏನೂ ಹೇಳಬ್ಯಾಡ. ಆರಾಮ ಆಗ್ತದ ಅಂತ ತಿಳ್ಕೊಂಡಾನ. ಹಂಗೇ ಇರ್ಲಿ." ನೀನು ಹೂಂ ಅಂದೆ. ನಾನು ರೈಲು ಹತ್ತಿದ ಮರುದಿನವೇ ಅವನ ಮುಂದೆ ಕೂತು, ನಿನಗೆ ಸಾವು ಬಂದಿದೆ ಮಗಾ, ತಯಾರಾಗು ಎಂದೆ. ನಾಲ್ಕನೆಯ ದಿನ ಹೋದ. ಅವನನ್ನು ಒಯ್ದದ್ದು ರೋಗವೇ, ನಿನ್ನ ಮಾತೇ, ದೇವರೇ ಹೇಳಬೇಕು.

ಊರಿನ ಪಾಸ್ಟರ್ ಹತ್ತಿರ ನನ್ನ ಹೊಸ ನಂಬರ್ ಇದೆ ಎಂದು ನಿನಗೆ ಗೊತ್ತು. ಫೋನ್ ಮಾಡಿ ಕೇಳಲು ನಾಲಿಗೆ ಏಳಲಿಲ್ಲವೇ? ನನ್ನ ಮಗನ ಮುಂದೆ ಚೆನ್ನಾಗಿ ಎದ್ದಿತ್ತಲ್ಲ ಆ ನಾಲಿಗೆ.

ಸಹಿ ಮಾಡುವುದಿಲ್ಲ.

ಚಂದಮ್ಮ


ಹಡಪಸರ
6 ಡಿಸೆಂಬರ್ 2024

ತಂಗಿ ಚಂದಿ,

ಸಿಟ್ಟಿನಿಂದಲಾದರೂ ಬರೆದೆಯಲ್ಲ. ಪಾಕೀಟನ್ನು ಒಡೆಯದೆ ಎರಡು ದಿನ ತಲೆದಿಂಬಿನ ಕೆಳಗಿಟ್ಟುಕೊಂಡಿದ್ದೆ. ಬೈಗುಳವಿದ್ದರೂ ನಿನ್ನ ಅಕ್ಷರ.

ಫೋನ್ ಯಾಕೆ ಮಾಡಲಿಲ್ಲ ಎಂದು ಕೇಳಿದ್ದೀ. ಪುಣೆಯ ಚಳಿಗೆ ಗಂಟಲು ಸ್ವಲ್ಪ ಕಟ್ಟಿದೆ, ಅಷ್ಟೇ.

ನಾನು ಪುನೀತನಿಗೆ ಹೇಳಿದ್ದು ನಿಜ. ನಿನಗೆ ಹೂಂ ಅಂದದ್ದೂ ನಿಜ. ಯಾಕೆ ಹಾಗೆ ಮಾಡಿದೆ ಎಂದು ನೀನು ಎಂದೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನ ಕೆಲಸ ನಿನಗೆ ಗೊತ್ತು. ಸಭೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಪಾಸ್ಟರ್ ಮಧುಕರ ಅವರು ನನ್ನನ್ನೇ ಕಳಿಸುತ್ತಾರೆ. ಹೋಗುತ್ತೇನೆ, ಬೆನ್ನು ಒರೆಸುತ್ತೇನೆ, ವಾಕ್ಯ ಓದುತ್ತೇನೆ. ಆಮೇಲೆ ಮೂರು ಮಾತು ಕೇಳಿ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಯಾರ ಹತ್ತಿರ ಕ್ಷಮೆ ಕೇಳುವುದಿದೆ? ಯಾರನ್ನು ಕ್ಷಮಿಸುವುದಿದೆ? ಯಾರ ದಾರಿ ಕಾಯುತ್ತಿದ್ದೀರಿ? ಬರೆದ ಹೆಸರಿನವರನ್ನು ಹುಡುಕಿ ಕರೆತರುವುದೇ ನನ್ನ ಕೆಲಸ. ನಿಗಡಿಯ ಒಬ್ಬ ಮುದುಕ ಇಪ್ಪತ್ತು ವರ್ಷ ಮಾತು ಬಿಟ್ಟಿದ್ದ ತಮ್ಮನನ್ನು ನೆನೆದ. ಭೋರ್ ತನಕ ಬಸ್ಸಿನಲ್ಲಿ ಹೋಗಿ ಕರೆತಂದೆ. ಬಂದ ತಮ್ಮ ಬಾಗಿಲಲ್ಲೇ ನಿಂತು, "ಏನಪ್ಪಾ, ಇನ್ನೂ ಸತ್ತಿಲ್ಲಾ?" ಎಂದ. ಮುದುಕ ಎಷ್ಟು ನಕ್ಕನೆಂದರೆ ಎರಡು ದಿನ ಹೆಚ್ಚು ಬದುಕಿದ.

ಲೆಕ್ಕ ತೀರಿಸಿ ಗಂಟು ಕಟ್ಟದೆ ಯಾರೂ ಹೋಗಬಾರದು ಎಂಬುದು ನನ್ನ ಹಟ. ಪುನೀತನೂ ಹಾಗೆ ಹೋಗಬಾರದು ಅನ್ನಿಸಿತು. ಆದರೆ ಅವನಿಗೆ ಅವ್ವ ಇದ್ದಳು. ಹೇಳುವುದಿದ್ದರೆ ಅವಳ ಎದುರಿಗೆ, ಅವಳ ಕೈಯಲ್ಲಿ ಅವನ ಕೈಯಿಟ್ಟು ಹೇಳಬೇಕಿತ್ತು. ನಿನ್ನ ಬೆನ್ನ ಹಿಂದೆ ಹೇಳಿದೆ. ಅದು ವಿಶ್ವಾಸವಲ್ಲ, ನನ್ನ ಕೆಲಸದ ಸೊಕ್ಕು. ಚಂದಿ, ನನ್ನನ್ನು ಕ್ಷಮಿಸು.

ಗೋರಿ ಯಾರಿಗೆಂದು ಕೇಳಿದ್ದೀ. ದೊಡ್ಡ ಮನುಷ್ಯರಿಗಲ್ಲ. ನಮ್ಮ ಸಭೆಯ ಒಬ್ಬ ಹೆಂಗಸು. ಪುನೀತನಿಗೆ ಗುರುತಿದ್ದವಳು. ಅವನಿಗೆ ಗಂಜಿ ಕುಡಿಸಿದವಳು. ಹೆಚ್ಚು ದಿನ ಇಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆ ಹುಡುಗನ ಬದಿಯಲ್ಲೇ ಮಲಗಬೇಕೆಂದು ಅವಳ ಆಸೆ.

ಪುನೀತ ಶಾಂತಿಯಿಂದ ಹೋದ. ಅಂದು ಹೇಳಿದ್ದೆ, ಇಂದೂ ಹೇಳುತ್ತೇನೆ.

ಮರೆಮ್ಮ


ಚಿತ್ತಾಪುರ
2 ಜನವರಿ 2025

ಅಕ್ಕನಿಗೆ,

ನಿನ್ನೆ ಹೊಸ ವರ್ಷದ ಆರಾಧನೆ ಮುಗಿಯಿತು, ಇಂದು ಬರೆಯುತ್ತಿದ್ದೇನೆ. ಅಂಗನವಾಡಿಗೆ ಇಂದು ರಜೆ ಹಾಕಿದ್ದೇನೆ. ಇಲ್ಲವಾದರೆ ಮೂವತ್ತು ಮಕ್ಕಳ ಖಿಚಡಿಯ ಹೊಗೆಯಲ್ಲಿ ಬರೆಯಬೇಕಾಗುತ್ತಿತ್ತು.

ಕ್ಷಮಿಸು ಎಂದು ಬರೆದಿದ್ದೀ. ಅದನ್ನು ನಾಲ್ಕು ಸಲ ಓದಿದೆ. ನೀನು ಚಿಕ್ಕಂದಿನಲ್ಲಿ ನನ್ನ ಬಳೆ ಒಡೆದಾಗಲೂ ಈ ಮಾತು ಹೇಳಿದವಳಲ್ಲ. ಏನಾಗಿದೆ ನಿನಗೆ?

ಆ ಹೆಂಗಸಿನ ವಿಚಾರ ತಲೆಯಿಂದ ಹೋಗುತ್ತಿಲ್ಲ. ಅವಳಿಗೆ ಅಕ್ಕತಂಗಿಯರು ಯಾರೂ ಇಲ್ಲವೇ? ಇದ್ದರೆ ತಿಳಿಸಿದ್ದೀರಾ? ಊರೂರು ತಿರುಗಿ ಕರೆತರುವವಳು ನೀನು, ಅವಳ ಕಡೆಯವರನ್ನೂ ಹುಡುಕು. ಗಂಜಿ ಕುಡಿಸಿದ ಕೈ ಎಂದೆಯಲ್ಲ, ಅಂಥವಳಿಗೆ ಬೇಡ ಎನ್ನಲು ನನಗೂ ಮನಸ್ಸಾಗದು.

ಆದರೆ ಒಂದು ಮಾತಿದೆ. "ಪುನೀತ ಶಾಂತಿಯಿಂದ ಹೋದ" ಎಂದು ಅಂದೂ ಹೇಳಿದೆ, ಈಗಲೂ ಬರೆದೆ. ಅದೇ ಮೂರು ಶಬ್ದ, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ. ನಿಗಡಿಯ ಮುದುಕನ ಸಾವನ್ನು ಕಥೆಯ ಹಾಗೆ ಬರೆಯುವವಳು ನನ್ನ ಮಗನದನ್ನು ಮೂರೇ ಶಬ್ದದಲ್ಲಿ ಮುಗಿಸುತ್ತೀ. ಅವನ ಕೊನೆಯ ದಿನ ಹೇಗಿತ್ತು, ಇದ್ದದ್ದು ಇದ್ದಂತೆ ಬರೆ. ಆಮೇಲೆ ಸಹಿ ಮಾಡುತ್ತೇನೆ.

ಚಂದಮ್ಮ


ಹಡಪಸರ
20 ಜನವರಿ 2025

ಚಂದಿ,

ಅವ್ವನ ಅವ್ವ, ನಮ್ಮ ಆಯಿ ಹೇಳುತ್ತಿದ್ದ ಕಥೆ ನೆನಪಿದೆಯೇ? ಒಬ್ಬ ಮುದುಕಿ ಬಹಳ ದಿನದ ಮೇಲೆ ತವರಿಗೆ ಹೊರಟಳಂತೆ. ಸೀರೆ ಮಡಚಿದಳು, ರೊಟ್ಟಿ ಕಟ್ಟಿದಳು, ಕೋಳಿಗಳನ್ನು ನೆರೆಯವಳಿಗೆ ಒಪ್ಪಿಸಿದಳು, ಮನೆಗೆ ಕೀಲಿ ಹಾಕಿದಳು. ಊರ ಅಗಸಿ ದಾಟಿದ ಮೇಲೆ ಎದೆ ಧಸಕ್ಕೆಂದಿತು. "ಅಯ್ಯ ನನ್ನ ಶಿವನ! ಒಲಿ ಮ್ಯಾಲ ಹಾಲು ಇಟ್ಟು ಬಂದೀನಿ!" ಆಯಿ ದೇವರನ್ನು ಬದಲಿಸಿದರೂ ಕಥೆಯನ್ನು ಬದಲಿಸಿರಲಿಲ್ಲ. ನಾವು ನಗುತ್ತಿದ್ದೆವು. ಈಗ ನಗು ಬರುವುದಿಲ್ಲ. ನಾನು ಊರವರ ಗಂಟೆಲ್ಲ ಕಟ್ಟಿದೆ. ನನ್ನ ಒಲೆಯ ಮೇಲೆ ಆರು ವರ್ಷದಿಂದ ಹಾಲು ಉಕ್ಕುತ್ತಿದೆ. ಇಳಿಸುತ್ತೇನೆ, ಓದು. ಓದಿದ ಮೇಲೆ ನೀನು ಸಹಿ ಮಾಡಲಿಕ್ಕಿಲ್ಲ. ಆದರೂ ಬರೆಯುತ್ತೇನೆ.

ನಾನು ಹೇಳಿದ ದಿನ ಪುನೀತ ಗೋಡೆಯ ಕಡೆ ಮುಖ ತಿರುಗಿಸಿದ. ಎರಡು ದಿನ ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ನನ್ನ ಫೋನ್ ಇಸಿದುಕೊಂಡು ನಿನ್ನ ಕೂಡ ಮಾತಾಡಿದ. ಏನು ಮಾತಾಡಿದ ಎಂದು ನಾನು ಕೇಳಲಿಲ್ಲ. ಮರುದಿನ ಮುಂಜಾನೆ, "ದೊಡ್ಡವ್ವಾ, ಮಂಚ ಬಾಗಿಲ ಕಡಿ ತಿರುಗಿಸು. ಅವ್ವ ಬಂದ ಕೂಡ್ಲೆ ಕಾಣಬೇಕು" ಎಂದ. ನಾನೂ ಶೀತಲಳೂ ತಿರುಗಿಸಿದೆವು. ಮಧ್ಯಾಹ್ನಕ್ಕೆ ಉಸಿರು ಮೇಲೆ ಬರತೊಡಗಿತು. ಆಗ ಕೇಳಿದ, "ಅವ್ವ ಬರೋತನಕ ಇರ್ತೀನೇನು ನಾ?"

ಚಂದಿ, ನಾನು ಎಷ್ಟೋ ಹಾಸಿಗೆಗಳ ಬದಿಗೆ ಕೂತವಳು. ಉಸಿರಿನ ಲೆಕ್ಕ ನನಗೆ ಗೊತ್ತು. ಸಾಯುವವರ ಮುಂದೆ ಸುಳ್ಳು ಹೇಳಬಾರದೆಂದು ನಿನ್ನ ಮಾತು ಮುರಿದವಳು ನಾನು. ಆ ಹುಡುಗ ಬಾಯಿಬಿಟ್ಟು ನಿಜ ಕೇಳಿದಾಗ ನನ್ನ ಬಾಯಿಂದ ಬಂದದ್ದು, "ಇರ್ತಿ ಮಗಾ. ಗಾಡಿ ದೌಂಡ ದಾಟ್ಯದ." ದೌಂಡ ದಾಟಿದರೆ ಪುಣೆ ಬಂದ ಹಾಗೇ. ಆದರೆ ನಿನ್ನ ಗಾಡಿ ಎಲ್ಲಿತ್ತೋ ನನಗೇನು ಗೊತ್ತು?

ಅವನ ಮುಖ ಅರಳಿತು. "ಹಂಗಾರ ಹಣಗಿ ಕೊಡು" ಎಂದು ಹಣಿಗೆ ಕೇಳಿದ. ಔಷಧಿಗೆ ಉದುರಿ ತಲೆಯಲ್ಲಿ ನಾಲ್ಕು ಕೂದಲಿದ್ದವು, ಅವನ್ನೇ ಬಾಚಿಕೊಂಡ. ಆಮೇಲೆ ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ. ಪ್ರಾರ್ಥನೆ ಮಾಡೋಣವೇ ಎಂದೆ. "ಅವ್ವ ಬರ್ಲಿ" ಎಂದ. ಓಣಿಯಲ್ಲಿ ಯಾರು ನಡೆದರೂ ಕತ್ತು ಎತ್ತುತ್ತಿದ್ದ. ಐದು ಗಂಟೆಗೆ ಎತ್ತಲಿಲ್ಲ. ಕಣ್ಣು ಬಾಗಿಲ ಕಡೆಗೇ ಇದ್ದವು. ನಾನು ಮುಚ್ಚಿದೆ. ಮರುದಿನ ಮುಂಜಾನೆ ನೀನು ಬಂದಾಗ ಪುನೀತ ಶಾಂತಿಯಿಂದ ಹೋದ ಎಂದೆ.

ಕೇಳದವನಿಗೆ ನಿಜ ಕೊಟ್ಟೆ, ಕೇಳಿದಾಗ ಸುಳ್ಳು ಕೊಟ್ಟೆ. ಇದ್ದದ್ದು ಇದು.

ಮರೆಮ್ಮ

(ಇದರೊಳಗೆ ಇನ್ನೊಂದು ಚೀಟಿ)

ಚಿಗವ್ವಾ, ನಾ ಶೀತಲ. ನಂದು ಶಾಲಿ ಎಲ್ಲಾ ಮರಾಠಿ, ಅಕ್ಷರ ತಪ್ಪಿದ್ರ ಮಾಫ್ ಮಾಡು. ಅವ್ವಗ ಗೊತ್ತಿಲ್ದ ಇದನ್ನ ಪಾಕೀಟದಾಗ ಹಾಕ್ಲತ್ತೀನಿ. ಆ ಹೆಂಗಸು ಅವ್ವನೇ. ಗಂಟಲದಾಗ ಕ್ಯಾನ್ಸರ್. ದೀಪಾವಳಿಕಿಂತ ಮೊದಲೇ ದನಿ ಹೋಗ್ಯದ. ನೀ ನಾಲಗಿ ಅಂತ ಬರೆದಿದ್ದಿ ನೋಡು, ಅದನ್ನ ಓದಿ ನಕ್ಕಳು, ಆಮ್ಯಾಲ ಗೋಡಿ ಕಡಿ ಹೊಳ್ಳಿದಳು. ನಿನಗ ಫೋನ್ ಮಾಡಬ್ಯಾಡ ಅಂತ ನನ್ನ ಕಡಿಂದ ಮಾತು ತಗೊಂಡಾಳ. ಮರುಕಪಟ್ಟು ಕ್ಷಮಾ ಮಾಡೋದು ಬ್ಯಾಡಂತ, ಮನಸಿದ್ರ ಮಾಡ್ಲಿ ಅಂತಾಳ. ಅಪ್ಪನ ಗೋರಿ ಊರಾಗದ, ಅಲ್ಲಿಗೆ ಒಯ್ತೀವಿ ಅಂದ್ರ ಒಲ್ಲೆ ಅಂತಾಳ. ಪುನ್ಯಾಗ ಸುಳ್ಳು ಹೇಳೀನಿ, ಅವನ ಬಾಜೂಕ ಇಡ್ರಿ ಅಂತ ಬರೆದು ತೋರಿಸ್ತಾಳ. ನನ್ನ ನಂಬರ್ ಹಿಂದ ಬರೆದೀನಿ.


ಚಿತ್ತಾಪುರ
3 ಫೆಬ್ರವರಿ 2025

ಅಕ್ಕಾ,

ಸಹಿ ಮಾಡಿದ ಅರ್ಜಿ ಇದರಲ್ಲಿದೆ. ಹೆಸರಿನ ಖಾಲಿ ಜಾಗದಲ್ಲಿ ನಾನೇ ನಿನ್ನ ಹೆಸರು ಬರೆದೆ. ಶೀತಲಳನ್ನು ಬೈಯಬೇಡ. ನಾಲಿಗೆ ಎಂದು ಬರೆದ ಆ ಸಾಲನ್ನು ಕತ್ತರಿಸಿ ಕಳಿಸು, ನುಂಗಿಬಿಡುತ್ತೇನೆ.

ಶೀತಲಳ ನಂಬರನ್ನು ಒತ್ತಿ ಒತ್ತಿ ಅಳಿಸಿದೆ. ಅತ್ತ ಕಡೆಯಿಂದ ನಿನ್ನ ಉಸಿರು ಮಾತ್ರ ಕೇಳಿದರೆ ನಾನೇನು ಮಾಡಲಿ?

ನೀನು ನಿನ್ನ ಹಾಲು ಇಳಿಸಿದೆ. ನನ್ನ ಒಲೆಯ ಮೇಲೂ ಇದೆ ಅಕ್ಕಾ. ಇಲ್ಲಿಯ ತನಕ ಯಾರಿಗೂ ಹೇಳಿಲ್ಲ. ಪ್ರಾರ್ಥನೆಯಲ್ಲೂ ಅದನ್ನು ದಾಟಿ ಹೋಗುತ್ತೇನೆ.

ಅಂದು ಪುನೀತ ಫೋನಿನಲ್ಲಿ ಹೇಳಿದ್ದು, "ಅವ್ವಾ, ದೊಡ್ಡವ್ವ ಎಲ್ಲಾ ಹೇಳ್ಯಾಳ. ನಾ ಅಂಜಿಲ್ಲ. ನೀ ಲಗೂನ ಬಾ, ಅಕೀ ಮ್ಯಾಲ ಸಿಟ್ಟು ಮಾಡಬ್ಯಾಡ." ಈ ಕೊನೆಯ ಮಾತನ್ನು ಆರು ವರ್ಷ ನಿನ್ನಿಂದ ಬಚ್ಚಿಟ್ಟೆ. ಸಿಟ್ಟು ಬಿಟ್ಟರೆ ನನ್ನ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ.

ಮರುದಿನ ಮುಂಜಾನೆ ವಾಡಿಯಲ್ಲಿ ಗಾಡಿ ಹತ್ತಿದೆ. ಸೊಲ್ಲಾಪುರ ಬಂತು. ಅವನಿಗೆ ಎಲ್ಲಾ ಗೊತ್ತು, ಇನ್ನು ಅವನ ಮುಂದೆ ಹೋಗಿ ಯಾವ ಮುಖ ಹೊತ್ತು ನಿಲ್ಲಲಿ ಅನ್ನಿಸಿತು. ಆರಾಮಾಗುತ್ತೀ ಎಂದು ದಿನಾ ಹೇಳಿದವಳು ನಾನು. ನೀರು ಕುಡಿಯಲೆಂದು ಇಳಿದೆ. ಗಾಡಿ ಸೀಟಿ ಹಾಕಿತು. ಏರಲಿಲ್ಲ. ಪ್ಲಾಟ್‌ಫಾರ್ಮಿನ ಬಾಕಿನ ಮೇಲೆ ಕೂತೆ. ಮಧ್ಯಾಹ್ನದೊಳಗೆ ಪುಣೆಯ ಕಡೆ ಮೂರು ಗಾಡಿ ಹೋದವು, ಮೂರನ್ನೂ ನೋಡುತ್ತಾ ಕೂತೆ. ರಾತ್ರಿಯ ಗಾಡಿಗೆ ಬಂದೆ ಅಕ್ಕಾ. ಗಾಡಿ ತಡವಾಯಿತು ಎಂದು ನಿಮಗೆಲ್ಲ ಹೇಳಿದೆ. ಗಾಡಿ ತಡವಾಗಿರಲಿಲ್ಲ.

ನೀನು ದೌಂಡ ದಾಟಿದೆ ಎನ್ನುವಾಗ ನಾನು ಸೊಲ್ಲಾಪುರದ ಬಾಕಿನ ಮೇಲೆ ಇದ್ದೆ. ನಾನು ಕೂತದ್ದಕ್ಕೆ ನಿನ್ನ ಮಾತು ಸುಳ್ಳಾಯಿತು.

ಈಗ ಬರಬೇಕೆಂದಿದ್ದೇನೆ. ಆದರೆ ಆಗಿನ ಹಾಗೆ ಬಂದು ಮುಚ್ಚಿದ ಕಣ್ಣು ನೋಡುವುದು ನನ್ನಿಂದಾಗದು. ನೀನೇ ಒಂದು ಮಾತು ಬರೆ. ನಾ ಬರೋತನಕ ಇರ್ತೀಯೇನು?

ಚಂದಿ


ಹಡಪಸರ
10 ಫೆಬ್ರವರಿ 2025

ಚಂದಿ,

ಸ್ವಲ್ಪವೇ ಬರೆಯುತ್ತೇನೆ.

ಸೊಲ್ಲಾಪುರದ್ದು ಓದಿದೆ. ಬಹಳ ಹೊತ್ತು ಆ ಬಾಕಿನ ಮೇಲೆ ನಿನ್ನ ಬದಿಯಲ್ಲಿ ಕೂತಿದ್ದೆ.

ಜನರಿಗೆ ಅಂಜಬೇಡಿ ಎನ್ನುತ್ತಿದ್ದೆ. ನನಗೆ ಅಂಜಿಕೆಯಾಗುತ್ತದೆ. ಕರ್ತನ ಕೈ ಹಿಡಿದಿದ್ದೇನೆ, ಅಂಜಿಕೆಯೂ ಇದೆ. ಎರಡೂ ಒಟ್ಟಿಗೆ ಇರುತ್ತವೆ ಎಂದು ಈಗ ಗೊತ್ತಾಯಿತು. ಆ ಜನರಿಗೆಲ್ಲ ಇದನ್ನು ಹೇಳಬೇಕಿತ್ತು.

ನೀನು ಕೇಳಿದ್ದಕ್ಕೆ ಉತ್ತರ. ಇರುತ್ತೇನೆ ಎಂದು ಬರೆಯುವುದಿಲ್ಲ. ಒಮ್ಮೆ ಆ ಮಾತು ಕೊಟ್ಟು ನೋಡಿದ್ದೇನೆ. ನನಗೆ ಗೊತ್ತಿಲ್ಲ ಚಂದಿ.

ಬಾ.


ಹಡಪಸರ
21 ಫೆಬ್ರವರಿ 2025

ಅಕ್ಕಾ,

ನಿನಗೆ ಗೊತ್ತಾಗದೆ ಹೋದದ್ದನ್ನು ತಿಳಿಸಲು ಬರೆಯುತ್ತಿದ್ದೇನೆ. ಎಲ್ಲಿಗೆ ಕಳಿಸಬೇಕೋ ಗೊತ್ತಿಲ್ಲ. ನಿನ್ನ ನೋಟುಬುಕ್ಕಿನಲ್ಲೇ ಬರೆಯುತ್ತಿದ್ದೇನೆ, ಖಾಲಿ ಹಾಳೆ ಬಹಳ ಉಳಿದಿವೆ.

ನಿನ್ನ ಕಾಗದ ಹದಿನೇಳಕ್ಕೆ ಬಂತು. "ಬಾ" ಎಂಬುದರ ಕೆಳಗೆ ಹೆಸರು ಬರೆಯಲೂ ನಿನ್ನಿಂದ ಆಗಿರಲಿಲ್ಲ. ಮರುದಿನ ಮುಂಜಾನೆ ವಾಡಿಯಲ್ಲಿ ಗಾಡಿ ಹತ್ತಿದೆ. ಸೊಲ್ಲಾಪುರ ಬಂದಾಗ ಸೆರಗಿನಿಂದ ಕೈಯನ್ನು ಕಿಟಕಿಯ ಸರಳಿಗೆ ಕಟ್ಟಿಕೊಂಡೆ. ಎದುರಿಗೆ ಕೂತ ಮುದುಕಿ, "ಯಾಕವ್ವಾ, ಹುಚ್ಚಾಸ್ಪತ್ರಿಗೆ ಹೊಂಟೀ ಏನು?" ಎಂದಳು. "ಇಲ್ಲ, ಅಕ್ಕನ ಮನಿಗಿ" ಎಂದೆ. ನೀನಿದ್ದರೆ ಅದನ್ನು ಹೇಳಿ ಹೇಳಿ ನಗುತ್ತಿದ್ದೆ.

ದೌಂಡ ದಾಟಿತು. ಬೋರ್ಡನ್ನು ಅಕ್ಷರ ಅಕ್ಷರ ಓದಿದೆ. ಆಗ ಶೀತಲಳ ನಂಬರ್ ಒತ್ತಿದೆ, ಈ ಸಲ ಅಳಿಸಲಿಲ್ಲ. "ಅವ್ವನ ಕಿವ್ಯಾಗ ಹೇಳು, ಗಾಡಿ ದೌಂಡ ದಾಟ್ಯದ" ಎಂದೆ. ಅವಳು ಹೇಳಿದ್ದು ನನಗೆ ಕೇಳಿಸಿತು. ಆಮೇಲೆ ಶೀತಲ ಅಳುತ್ತಾ, "ಚಿಗವ್ವಾ, ಕಣ್ಣ ತೆಗೆದಾಳ. ಕೈ ಮಾಡಿ ಹಣಗಿ ಕೇಳ್ಲತ್ತಾಳ" ಎಂದಳು.

ಹಡಪಸರದ ಹೊರಗೆ ಸಿಗ್ನಲ್ ಸಿಗದೆ ಗಾಡಿ ನಲವತ್ತು ನಿಮಿಷ ನಿಂತಿತು. ದೂರದಲ್ಲಿ ದೊಡ್ಡ ದೊಡ್ಡ ಕಟ್ಟಡಗಳ ಗಾಜು ಕಾಣುತ್ತಿತ್ತು. ಇಷ್ಟು ಹತ್ತಿರ ಅಕ್ಕಾ. ನಡೆದೇ ಹೋಗೋಣ ಎಂದು ಬಾಗಿಲಿಗೆ ಬಂದರೆ ಜನ ಹಿಡಿದು ಕೂರಿಸಿದರು.

ಬಂದಾಗ ಮಂಚ ಬಾಗಿಲ ಕಡೆ ತಿರುಗಿತ್ತು. ಕೂದಲು ಬಾಚಿತ್ತು. ಕಣ್ಣು ತೆರೆದೇ ಇದ್ದವು. ನೀನು ನನ್ನನ್ನೇ ನೋಡುತ್ತಿದ್ದೀ ಎಂದು "ಅಕ್ಕಾ, ಬಂದೆ" ಎಂದುಬಿಟ್ಟೆ. ಆಗ ಶೀತಲ ಕೆಳಗೆ ಕೂತು ಅಳುವುದು ಕಂಡಿತು. ಅರ್ಧ ಗಂಟೆ ಆಗಿತ್ತಂತೆ. ಓಣಿಯ ಹೆಂಗಸರು ಕಣ್ಣು ಮುಚ್ಚಲು ಬಂದರೆ ಶೀತಲ ಅವರ ಕೈ ಹಿಡಿದು, "ನಕೋ, ನಕೋ! ಹಾತ್ ಲಾವೂ ನಕಾ!" ಕೈ ಹಚ್ಚಬೇಡಿ ಎಂದು ಮರಾಠಿಯಲ್ಲಿ ಚೀರಿದಳಂತೆ. ಯಾಕೆಂದು ಆಮೇಲೆ ಈ ನೋಟುಬುಕ್ಕಿನ ಹಾಳೆ ತೋರಿಸಿದಳು. ಊರವರಿಗೆ ಕೇಳುತ್ತಿದ್ದ ಮೂರು ಮಾತನ್ನು ನಿನಗೆ ನೀನೇ ಕೇಳಿಕೊಂಡಿದ್ದೀ.

ಯಾರ ಹತ್ತಿರ ಕ್ಷಮೆ ಕೇಳುವುದಿದೆ? ಚಂದಿ, ಕೇಳಿದೆ. ಪುನೀತ, ಹೋಗಿ ಕೇಳುತ್ತೇನೆ.
ಯಾರನ್ನು ಕ್ಷಮಿಸುವುದಿದೆ? ಮರೆಮ್ಮನನ್ನು. ಇನ್ನೂ ಆಗಿಲ್ಲ.
ಯಾರ ದಾರಿ ಕಾಯುತ್ತಿದ್ದೀರಿ? ಚಂದಿಯದು. ಅವಳು ಬರುವತನಕ ನನ್ನ ಕಣ್ಣು ಮುಚ್ಚಬೇಡಿ.

ನಾನೇ ಮುಚ್ಚಿದೆ ಅಕ್ಕಾ. ಅವನವನ್ನು ನೀನು, ನಿನ್ನವನ್ನು ನಾನು.

ಹತ್ತೊಂಬತ್ತರ ಮುಂಜಾನೆ ಗೋರಿ ತೆರೆದರು. ತೋಡುವವರು, "ತಾಯಿ, ನೀವು ಆ ಕಡೆ ಹೋಗಿ ನಿಲ್ರಿ" ಎಂದರು. ಹೋಗಲಿಲ್ಲ. ಎಲ್ಲವನ್ನೂ ಬಿಳಿ ಬಟ್ಟೆಯಲ್ಲಿ ಕಟ್ಟಿ ಮಣ್ಣಿನ ಮೇಲೆ ಇಡಲು ಹೋದರು. "ನನ್ನ ಕೈಯಾಗ ಕೊಡ್ರಿ" ಎಂದೆ. ಪಾಸ್ಟರ್ ಮಧುಕರ ಅವರು ಪ್ರಾರ್ಥನೆ ಮುಗಿಸುವತನಕ ಉಡಿಯಲ್ಲಿ ಹಿಡಿದು ಕೂತಿದ್ದೆ. ಹುಟ್ಟಿದ ದಿನ ಸೂಲಗಿತ್ತಿ ಬಟ್ಟೆಯಲ್ಲಿ ಸುತ್ತಿ ಕೊಟ್ಟಾಗ ಹೀಗೇ ಇದ್ದ, ಇಷ್ಟೇ ಭಾರ. ಆರೂವರೆ ವರ್ಷ ತಡವಾಗಿ ಹೇಳಿದೆ, "ಪುನ್ಯಾ, ಅವ್ವ ಬಂದಾಳ." ಆಮೇಲೆ ಅವನನ್ನು ನಿನ್ನ ಬಲಗೈ ಬದಿಗೆ ಇಟ್ಟೆವು. ಅವನ ಹತ್ತಿರ ಕೇಳುವುದನ್ನು ಈಗ ಕೇಳು. ಅವನು ಅಂದೇ ಕ್ಷಮಿಸಿದ್ದ, ನಾನು ನಿನಗೆ ತಿಳಿಸಲಿಲ್ಲ ಅಷ್ಟೇ. ಇನ್ನು ಆ ಎರಡನೆಯ ಮಾತು, ಇನ್ನೂ ಆಗಿಲ್ಲ ಎಂದು ಬರೆದದ್ದು. ಅದನ್ನು ಅವನೇ ಮಾಡಿಸಿಯಾನು. ಹಟದಲ್ಲಿ ನಿನಗೆ ಅವನೇ ಸರಿ.

ಐದು ವರ್ಷದ ಮೇಲೆ ಈ ಗೋರಿಯನ್ನು ಮತ್ತೆ ತೆರೆಯಬಹುದಂತೆ. ಕಮಿಟಿಯವರನ್ನು ಕೇಳಿದೆ. ಆಗ ಸಹಿ ಮಾಡುವವಳು ಶೀತಲ. ಅವಳಿಗೆ ನನ್ನ ಹೆಸರು ಹೇಳಿಟ್ಟಿದ್ದೇನೆ. ನೀವಿಬ್ಬರೂ ಸ್ವಲ್ಪ ಸರಿದು ಜಾಗ ಮಾಡಿರಿ.

ಬಾಗಿಲ ಕಡೆ ನೋಡುತ್ತಾ ಕೂರಬೇಡಿ. ನನ್ನ ಗಾಡಿ ಇನ್ನೂ ದೌಂಡ ದಾಟಿಲ್ಲ.

ಚಂದಿ